ಫೇಲ್‌ಸೇಫ್: ದೂರನಿಯಂತ್ರಿತ ವಿಮಾನಗಳಲ್ಲಿ

ರೇಡಿಯೋ ಸಂಕೇತ ಕಡಿದುಹೋದಾಗ ದೂರನಿಯಂತ್ರಿತ ಮಾದರಿ ವಿಮಾನ ಅಥವಾ ಡ್ರೋನ್ ಏನು ಮಾಡಬೇಕೆಂದು ಮೊದಲೇ ಗೊತ್ತುಮಾಡಿಡುವ ಏರ್ಪಾಡಿಗೆ ಫೇಲ್‌ಸೇಫ್ ಎಂದು ಹೆಸರು. ಈ ಹೆಸರಿನಡಿ ಮೂರು ಬೇರೆ ಬೇರೆ ವ್ಯವಸ್ಥೆಗಳಿವೆ. ಒಂದರಲ್ಲಿ ರಿಸೀವರ್ ತನಗೆ ಬಂದ ಕೊನೆಯ ಆದೇಶವನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಇನ್ನೊಂದರಲ್ಲಿ ಮೊದಲೇ ನಮೂದಿಸಿದ ಸ್ಥಿತಿಗೆ ಅದು ಸರ್ವೋಗಳನ್ನು (ಚುಕ್ಕಾಣಿ, ಥ್ರಾಟಲ್ ಮುಂತಾದವನ್ನು ತಿರುಗಿಸುವ ಪುಟ್ಟ ಮೋಟಾರುಗಳನ್ನು) ತರುತ್ತದೆ. ಮೂರನೆಯದರಲ್ಲಿ ವಿಮಾನದೊಳಗಿನ ಫ್ಲೈಟ್ ಕಂಟ್ರೋಲರ್ ತಾನೇ ಹಾರಾಟದ ಹೊಣೆ ಹೊರುತ್ತದೆ. ಫೇಲ್‌ಸೇಫ್ ಯಾವಾಗ ಬಳಕೆಗೆ ಬಂತು ಎಂಬ ಪ್ರಶ್ನೆಗೆ 1980ರ ದಶಕ ಎಂದೂ 2010ರ ದಶಕ ಎಂದೂ ಉತ್ತರ ಸಿಗುವುದು ಈ ಮೂರನ್ನು ಬೆರೆಸಿ ನೋಡುವುದರಿಂದ.

ಆರಂಭಕಾಲ

1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ರೇಡಿಯೋ ಅಲೆಗಳಿಂದ ನಡೆಯುವ ಪುಟ್ಟ ದೋಣಿಯನ್ನು ಪ್ರದರ್ಶಿಸಿದರು. 1930ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ವಾಲ್ಟರ್ ಮತ್ತು ವಿಲಿಯಂ ಗುಡ್ ಸಹೋದರರು ‘ಗಫ್’ ಎಂಬ ಮಾದರಿ ವಿಮಾನವನ್ನು ರೇಡಿಯೋದಿಂದ ಹಾರಿಸಿದರು. ಆ ಕಾಲದ ಮಾದರಿಗಳನ್ನು ಯಾರ ಆದೇಶವೂ ಇಲ್ಲದೆ ಸಮತೋಲದಲ್ಲಿ ಹಾರುವಂತೆಯೇ ಕಟ್ಟುತ್ತಿದ್ದರು. ಮುಂದೆ ಬಳಕೆಗೆ ಬಂದ ಒಂದೇ ಚಾನೆಲ್‌ನ ಸೆಟ್‌ಗಳಲ್ಲಿ ತಿರುಚಿದ ರಬ್ಬರ್ ಪಟ್ಟಿಯ ಬಲದಿಂದ ಚಲಿಸುವ ಎಸ್ಕೇಪ್‌ಮೆಂಟ್ ಇರುತ್ತಿತ್ತು. ಇದರ ಸಾಮಾನ್ಯ ಬಗೆಗಳಲ್ಲಿ ಸಂಕೇತ ನಿಂತೊಡನೆ ಚುಕ್ಕಾಣಿ ನಡುವಿಗೆ ಮರಳುತ್ತಿತ್ತು. ಇಂಧನ ಮುಗಿದಾಗ ವಿಮಾನ ತೇಲುತ್ತ ಕೆಳಗಿಳಿಯುತ್ತಿತ್ತು. ಹೀಗೆ ಆಗಿನ ಸುರಕ್ಷತೆ ವಿಮಾನದ ಕಟ್ಟಣೆಯಲ್ಲೇ ಅಡಗಿತ್ತು.

1960ರ ದಶಕದಲ್ಲಿ ಹರಡಿದ ಪ್ರೊಪೋರ್ಷನಲ್ ಸೆಟ್‌ಗಳಿಂದ ಸ್ಟಿಕ್ ಸರಿದಷ್ಟೇ ಸರ್ವೋ ತಿರುಗುವಂತಾಯಿತು. ಲಾಗ ಹಾಕುವ, ಕ್ಷಣಕ್ಷಣವೂ ಹಿಡಿತ ಬೇಡುವ ಮಾದರಿಗಳು ಬಂದವು. ಎಎಂ, ಎಫ್‌ಎಂ ರಿಸೀವರ್‌ಗಳಿಗೆ ಆದೇಶ ಯಾವುದು, ಗದ್ದಲ ಯಾವುದು ಎಂದು ತಿಳಿಯುತ್ತಿರಲಿಲ್ಲ. ಹಾಗಾಗಿ ಸಂಕೇತ ಕೆಟ್ಟಾಗ ಸರ್ವೋಗಳು ಮನಬಂದಂತೆ ನಡುಗುತ್ತಿದ್ದವು.

ಹಿಡಿದಿಡುವುದೋ, ಎಂಜಿನ್ ಇಳಿಸುವುದೋ

1980ರ ದಶಕದ ಪಿಸಿಎಂ ಸೆಟ್‌ಗಳು ಆದೇಶವನ್ನು ಅಂಕೆಗಳಾಗಿಸಿ, ಜೊತೆಗೆ ತಾಳೆ ನೋಡುವ ಅಂಕೆಯನ್ನೂ ಕಳುಹಿಸಿದವು. ಲೆಕ್ಕ ಹೊಂದದ ಸಂಕೇತವನ್ನು ರಿಸೀವರ್ ತಳ್ಳಿಹಾಕುವುದು ಸಾಧ್ಯವಾದದ್ದರಿಂದ ಹವ್ಯಾಸಿಗಳ ಕೈಗೆ ನಿಜವಾದ ಫೇಲ್‌ಸೇಫ್ ಬಂತು. ಜೊತೆಗೆ ಒಂದು ವಾದವೂ ಹುಟ್ಟಿತು. ಕೊನೆಯ ಆದೇಶವನ್ನು ಹಿಡಿದಿಟ್ಟರೆ ಅರೆಕ್ಷಣದ ಕಡಿತ ಗೊತ್ತೇ ಆಗದೆ ದಾಟಿಹೋಗುತ್ತದೆ. ಆದರೆ ಕಡಿತ ಮುಂದುವರಿದರೆ ಪೂರ್ತಿ ವೇಗದಲ್ಲಿರುವ ವಿಮಾನ ಹಾಗೆಯೇ ಕಣ್ಣಳತೆ ಮೀರಿ ಹೋಗಬಹುದು. ಎಂಜಿನ್ ಇಳಿಸಿದರೆ ವಿಮಾನ ಕಳೆದುಕೊಳ್ಳಬೇಕಾಗಬಹುದು, ಆದರೆ ಕೆಳಗಿರುವ ಜನರಿಗೆ ಅಪಾಯ ಕಡಿಮೆ. ನಿಯಮಗಳು ಈ ಎರಡನೆಯ ನಿಲುವಿನತ್ತ ವಾಲಿದವು. ಬ್ರಿಟನ್ 7 ಕಿಲೋಗಿಂತ ಭಾರದ ಮಾದರಿಗಳಿಗೆ, ರೇಡಿಯೋ ಕೈಕೊಟ್ಟರೆ ಅವನ್ನು ಇಳಿಸುವ ಸಾಧನವನ್ನು ಕಡ್ಡಾಯ ಮಾಡಿತು.

ಕರ್ನಾಟಕದಲ್ಲಿ ಚಾಲಕರಹಿತ ಹಾರಾಟ ಮೊದಲು ಬೆಳೆದದ್ದು ರಕ್ಷಣಾ ಸಂಶೋಧನೆಯಲ್ಲಿ. ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯ (ಎಡಿಇ) ಚಾಲಕರಹಿತ ವಿಮಾನ ‘ಲಕ್ಷ್ಯ’ 1985ರಲ್ಲಿ ಮೊದಲು ಹಾರಿತು, 2000ದಲ್ಲಿ ವಾಯುಪಡೆಗೆ ಸೇರಿತು. ಇದನ್ನೂ ಇದೇ ಸಂಸ್ಥೆಯ ‘ನಿಶಾಂತ್’ ವಿಮಾನವನ್ನೂ ಓಡುದಾರಿಯ ಗೊಡವೆಯಿಲ್ಲದೆ ಪ್ಯಾರಾಚೂಟ್‌ನಲ್ಲಿ ಇಳಿಯುವಂತೆ ರೂಪಿಸಿದ್ದರು. 2017ರಲ್ಲಿ ಉದ್ಘಾಟನೆಯಾದ ಚಳ್ಳಕೆರೆಯ ಪರೀಕ್ಷಾ ವಲಯವಿರುವುದು ಚಿತ್ರದುರ್ಗದ ಬಯಲಿನಲ್ಲಿ. ವಿಶಾಲ ಬಯಲಿದ್ದಲ್ಲಿ ಇದ್ದಲ್ಲೇ ಇಳಿಸುವುದು ಸುಲಭದ ಪರಿಹಾರ.

2.4 ಗಿಗಾಹರ್ಟ್ಸ್ ಮತ್ತು ಫ್ಲೈಟ್ ಕಂಟ್ರೋಲರ್

ಭಾರತ ಸರ್ಕಾರ 2005ರ ಜನವರಿಯಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸ್‌ಮುಕ್ತಗೊಳಿಸಿತು. ಆ ಹೊತ್ತಿಗೆ ಬಂದ ಹೊಸ ಸೆಟ್‌ಗಳಲ್ಲಿ ರಿಸೀವರ್ ತನ್ನ ಟ್ರಾನ್ಸ್‌ಮಿಟರ್ ಜೊತೆ ‘ಬೈಂಡ್’ ಆಗಬೇಕಿತ್ತು, ಅಂದರೆ ಜೋಡಿಯಾಗಬೇಕಿತ್ತು. ಹಲವು ಕಂಪನಿಗಳ ಸೆಟ್‌ಗಳು ಬೈಂಡ್ ಆಗುವ ಹೊತ್ತಿನ ಸ್ಟಿಕ್ ಸ್ಥಾನವನ್ನೇ ಫೇಲ್‌ಸೇಫ್ ಆಗಿ ದಾಖಲಿಸಿಕೊಳ್ಳುತ್ತವೆ. ಆಮೇಲೆ ಥ್ರಾಟಲ್ ಚಾನೆಲನ್ನು ರಿವರ್ಸ್ ಮಾಡಿ ಮತ್ತೆ ಬೈಂಡ್ ಮಾಡದೆ ಬಿಟ್ಟರೆ, ಸಂಕೇತ ಕಡಿದಾಗ ಮೋಟಾರ್ ನಿಲ್ಲುವ ಬದಲು ಪೂರ್ತಿ ವೇಗಕ್ಕೇರುತ್ತದೆ.

2010ರ ದಶಕದಲ್ಲಿ ಜಿಪಿಎಸ್ ಮತ್ತು ಎತ್ತರಮಾಪಕವುಳ್ಳ ಫ್ಲೈಟ್ ಕಂಟ್ರೋಲರ್‌ಗಳು ಅಗ್ಗವಾದವು. 2013ರ ಡಿಜೆಐ ಫ್ಯಾಂಟಮ್ ಹಾಗೂ ಮುಕ್ತ ತಂತ್ರಾಂಶ ಆರ್ಡುಪೈಲಟ್, ಹೊರಟ ಜಾಗಕ್ಕೆ ತಾನೇ ಮರಳುವ ಕ್ರಮವನ್ನು ಜನಬಳಕೆಗೆ ತಂದವು. ಇಲ್ಲೊಂದು ಗೊಂದಲ ಇಂದಿಗೂ ಅಪಘಾತಗಳಿಗೆ ದಾರಿಮಾಡುತ್ತದೆ. ಸಂಕೇತ ಹೋಗಿದೆ ಎಂದು ಕಂಟ್ರೋಲರ್‌ಗೆ ತಿಳಿಸಬೇಕಾದದ್ದು ರಿಸೀವರ್. ಅದು ಹಳೆಯ ಪದ್ಧತಿಯಂತೆ ಕೊನೆಯ ಆದೇಶವನ್ನೇ ಹಿಡಿದು ಕಳುಹಿಸುತ್ತಿದ್ದರೆ, ಎಲ್ಲವೂ ಸರಿಯಿದೆ ಎಂದೇ ಕಂಟ್ರೋಲರ್ ಭಾವಿಸುತ್ತದೆ, ಮರಳುವ ಕ್ರಮ ಶುರುವಾಗುವುದೇ ಇಲ್ಲ.

ಭಾರತದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) 2014ರ ಅಕ್ಟೋಬರ್‌ನಲ್ಲಿ ನಾಗರಿಕ ಡ್ರೋನ್ ಹಾರಾಟವನ್ನು ತಡೆಯಿತು. 2018ರ ಡಿಸೆಂಬರ್ 1ರಿಂದ ಜಾರಿಗೆ ಬಂದ ಅದರ ನಿಯಮಾವಳಿ, ತಾನಾಗಿ ಹಾರಾಟ ಕೊನೆಗೊಳಿಸುವ ಅಥವಾ ಹೊರಟಲ್ಲಿಗೆ ಮರಳುವ ವ್ಯವಸ್ಥೆಯನ್ನು ಬಯಸಿತು. 2021ರ ಆಗಸ್ಟ್‌ನ ಡ್ರೋನ್ ನಿಯಮಗಳು, ಕಣ್ಣಳತೆಯಲ್ಲಿ ಕಲಿಕೆಗೋ ಹವ್ಯಾಸಕ್ಕೋ ಹಾರಿಸುವ 25 ಕಿಲೋವರೆಗಿನ ಮಾದರಿಗಳಿಗೆ ಟೈಪ್ ಸರ್ಟಿಫಿಕೇಟ್‌ನಿಂದ ವಿನಾಯಿತಿ ಕೊಟ್ಟವು. ಹಾಗಾಗಿ ಇಂಥ ಮಾದರಿಗಳ ಫೇಲ್‌ಸೇಫ್‌ನ ಹೊಣೆ ಬಹುಮಟ್ಟಿಗೆ ಹಾರಿಸುವವರದೇ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಸೀಮೆ

ಉತ್ತರ ಕನ್ನಡದ ಘಟ್ಟದ ಮೇಲಿನ ಈ ತಾಲೂಕುಗಳಲ್ಲಿ ಡ್ರೋನ್ ಬೇಕೆನಿಸಲು ಮುಖ್ಯ ಕಾರಣ ಅಡಿಕೆಯ ಕೊಳೆರೋಗ. ಫೈಟಾಫ್ತೊರಾ ಜಾತಿಯ ಜೀವಿಯಿಂದ ಬರುವ ಈ ರೋಗವನ್ನು ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ವಿವರವಾಗಿ ದಾಖಲಿಸಿದರು. 100 ಲೀಟರ್ ನೀರಿಗೆ ತಲಾ ಒಂದು ಕಿಲೋ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಶೇ. 1ರ ಬೋರ್ಡೊ ದ್ರಾವಣವನ್ನು ಮಳೆಗಾಲದ ಮುಂಚೆ ಒಮ್ಮೆ, ಸುಮಾರು 40–45 ದಿನಗಳ ಬಳಿಕ ಮತ್ತೊಮ್ಮೆ ಅಡಿಕೆ ಕೊನೆಗಳಿಗೆ (ಗೊಂಚಲುಗಳಿಗೆ) ಹೊಡೆಯುವುದು ರೂಢಿ. ಮರವೇರಿ ಔಷಧಿ ಹೊಡೆಯುವ ಕೊನೆಗೌಡರ ಸಂಖ್ಯೆ ಇಳಿದಂತೆ ನೆಲದಲ್ಲೇ ನಿಂತು ಹೊಡೆಯುವ ಫೈಬರ್ ದೋಟಿ ಬಂತು. ಆಮೇಲೆ ಮಲೆನಾಡು, ಕರಾವಳಿಯ ತೋಟಗಳಲ್ಲಿ ಡ್ರೋನ್ ಪ್ರಯೋಗಗಳು ನಡೆದವು. ಡ್ರೋನ್‌ನಿಂದ ಕೀಟನಾಶಕ ಸಿಂಪಡಿಸುವ ಕಾರ್ಯವಿಧಾನವನ್ನು ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರ್‌ನಲ್ಲಿ ಹೊರಡಿಸಿತು.

ಬಯಲಿಗೆ ಒಗ್ಗಿದ ಫೇಲ್‌ಸೇಫ್ ಇಲ್ಲಿ ಹಾಗೆಯೇ ನಡೆಯದು. ತೋಟಗಳು ಬೆಟ್ಟಗಳ ನಡುವಿನ ಕಣಿವೆಯಲ್ಲಿವೆ. ತೋಟದೊಳಗೆ ನಿಂತವರಿಗೂ ಮರದ ತಲೆಯ ಮೇಲಿರುವ ಡ್ರೋನಿಗೂ ನಡುವೆ ಹಸಿ ಸೋಗೆಗಳ ಚಾವಣಿ ಇರುತ್ತದೆ. ಎಲೆಯಲ್ಲಿನ ನೀರು 2.4 ಗಿಗಾಹರ್ಟ್ಸ್ ಅಲೆಗಳನ್ನು ಹೀರುತ್ತದೆ. ಉದ್ದನೆಯ ಅಲೆಗಳು ಎಲೆಗಳ ನಡುವೆ ಹೆಚ್ಚು ಚೆನ್ನಾಗಿ ಸಾಗುತ್ತವೆ. ಆದರೆ ಅಮೆರಿಕದ 915 ಮೆಗಾಹರ್ಟ್ಸ್ ಸೆಟ್ ಭಾರತದಲ್ಲಿ ಲೈಸೆನ್ಸ್‌ಮುಕ್ತವಲ್ಲ. ಇಲ್ಲಿ 2005ರಲ್ಲಿ ತೆರೆದದ್ದು 865–867 ಮೆಗಾಹರ್ಟ್ಸ್.

ಎತ್ತರದ ಲೆಕ್ಕ ಇನ್ನೂ ಮುಖ್ಯ. ಆರ್ಡುಪೈಲಟ್‌ನ ಮಲ್ಟಿಕಾಪ್ಟರ್ ಆವೃತ್ತಿಯಲ್ಲಿ ಮರಳುವ ಕನಿಷ್ಠ ಎತ್ತರ, ಯಾರೂ ಬದಲಿಸದಿದ್ದರೆ, 15 ಮೀಟರ್. ಅದನ್ನು ಅಳೆಯುವುದು ಹೊರಟ ಜಾಗದಿಂದಲೇ ಹೊರತು ಕೆಳಗಿನ ನೆಲದಿಂದಲ್ಲ. ಹೊರಟ ಜಾಗಕ್ಕಿಂತ 10 ಮೀಟರ್ ಮೇಲಿನ ಇಳಿಜಾರಿನಲ್ಲಿ 18 ಮೀಟರಿನ ಅಡಿಕೆಮರವಿದ್ದರೆ ಅದರ ತಲೆ 28 ಮೀಟರಿನಲ್ಲಿರುತ್ತದೆ. ಬೆಟ್ಟದ ಕಾಡುಮರಗಳು ಇನ್ನೂ ಎತ್ತರ. ಇದ್ದಲ್ಲೇ ಇಳಿಯುವ ಆಯ್ಕೆಯೂ ಇಲ್ಲಿ ಉಪಕಾರಿಯಲ್ಲ. ಡ್ರೋನ್ ಸೋಗೆಗೆ ಸಿಕ್ಕಿಬೀಳುತ್ತದೆ.

ನಮೂದಿಸುವ ಮತ್ತು ಪರೀಕ್ಷಿಸುವ ಕ್ರಮ

ಮೊದಲು ಪ್ರೊಪೆಲ್ಲರ್‌ಗಳನ್ನು ಕಳಚಬೇಕು. ಕಂಟ್ರೋಲರ್ ಇಲ್ಲದ ಮಾದರಿಯಲ್ಲಿ ಥ್ರಾಟಲ್ ಕನಿಷ್ಠಕ್ಕಿಳಿಯುವಂತೆ ರಿಸೀವರ್‌ನಲ್ಲಿ ನಮೂದಿಸಬೇಕು. ಕಂಟ್ರೋಲರ್ ಇದ್ದರೆ ರಿಸೀವರ್ ಸಂಕೇತ ನಿಲ್ಲಿಸುವಂತೆ ಅಥವಾ ಕಡಿತದ ಸೂಚನೆ ಕೊಡುವಂತೆ ಇಡಬೇಕು. ಬಳಿಕ ಟ್ರಾನ್ಸ್‌ಮಿಟರ್ ಆಫ್ ಮಾಡಿ, ಮೋಟಾರ್ ನಿಲ್ಲುತ್ತದೆಯೇ, ಪರದೆಯಲ್ಲಿ ಫೇಲ್‌ಸೇಫ್ ಸೂಚನೆ ಬರುತ್ತದೆಯೇ ಎಂದು ನೋಡಬೇಕು. ಸಿಂಪರಣೆಯ ಡ್ರೋನಿನಲ್ಲಿ ಪಂಪ್ ಕೂಡ ನಿಲ್ಲಬೇಕು, ಇಲ್ಲವಾದರೆ ಮರಳುವ ದಾರಿಯುದ್ದಕ್ಕೂ ಔಷಧಿ ಸುರಿಯುತ್ತದೆ. ಜಿಪಿಎಸ್ ಸ್ಥಾನ ಸ್ಥಿರವಾದ ಮೇಲೆಯೇ, ತೆರೆದ ಅಂಗಳದಂಥ ಜಾಗದಿಂದ ಡ್ರೋನನ್ನು ಏರಿಸಬೇಕು. ಮರಳುವ ಎತ್ತರವನ್ನು ದಾರಿಯ ಅತಿ ಎತ್ತರದ ಮರಕ್ಕಿಂತ ಮೇಲಿಡಬೇಕು. ಹೊರಡುವ ಜಾಗ ಅಥವಾ ತೋಟ ಬದಲಾದಾಗಲೆಲ್ಲ ಈ ಲೆಕ್ಕವನ್ನು ಹೊಸದಾಗಿ ಮಾಡಬೇಕಾಗುತ್ತದೆ.