ನಾಳಿನ ಸಂಚಾರದ ಲೆಕ್ಕ: ಷಿಕಾಗೊ ಅಧ್ಯಯನ ಮತ್ತು ಅದರ ಪರಂಪರೆ

ಇಪ್ಪತ್ತು ವರ್ಷಗಳ ಅನಂತರ ಒಂದು ನಗರದ ಜನರು ಎಲ್ಲಿಂದ ಎಲ್ಲಿಗೆ, ಯಾವ ವಾಹನದಲ್ಲಿ, ಯಾವ ದಾರಿಯಾಗಿ ಸಂಚರಿಸುತ್ತಾರೆ ಎಂಬುದನ್ನು ಗಣಿತದ ನೆರವಿನಿಂದ ಅಂದಾಜು ಮಾಡುವ ವಿದ್ಯೆಗೆ ಸಾರಿಗೆ ಬೇಡಿಕೆಯ ಮಾದರೀಕರಣ ಎಂದು ಹೆಸರು. ಮೆಟ್ರೊ ಮಾರ್ಗ, ಮೇಲ್ಸೇತುವೆ, ವರ್ತುಲ ರಸ್ತೆಗಳ ಯೋಜನಾ ವರದಿಗಳಿಗೆ ಇಂದು ತಳಹದಿಯಾಗಿರುವ ಈ ವಿದ್ಯೆ ರೂಪುಗೊಂಡದ್ದು ಎರಡನೆಯ ಮಹಾಯುದ್ಧದ ನಂತರದ ಅಮೆರಿಕದಲ್ಲಿ, ಮುಖ್ಯವಾಗಿ ಡೆಟ್ರಾಯಿಟ್ ಮತ್ತು ಷಿಕಾಗೊ ನಗರಗಳಲ್ಲಿ. ಹೆದ್ದಾರಿಗಳನ್ನು ಎಲ್ಲಿ, ಎಷ್ಟು ಅಗಲಕ್ಕೆ ಕಟ್ಟಬೇಕೆಂಬ ಪ್ರಶ್ನೆಗೆ ಉತ್ತರವಾಗಿ ಅದು ಹುಟ್ಟಿತು. ಆ ಪ್ರಶ್ನೆಯ ಗುರುತು ಅದರ ವಿಧಾನದ ಮೇಲೆ ಬಹುಕಾಲ ಉಳಿಯಿತು.

ಅದಕ್ಕೂ ಹಿಂದೆ ಎಂಜಿನಿಯರುಗಳು ರಸ್ತೆಯಲ್ಲಿ ಹಾದುಹೋಗುವ ವಾಹನಗಳನ್ನು ಎಣಿಸುತ್ತಿದ್ದರು. ಇದರಿಂದ ಆ ರಸ್ತೆಯ ಮೇಲಿನ ಒತ್ತಡ ತಿಳಿಯುತ್ತಿತ್ತೇ ಹೊರತು ಪ್ರಯಾಣ ಎಲ್ಲಿ ಆರಂಭವಾಯಿತು, ಯಾವ ಕೆಲಸಕ್ಕಾಗಿ ನಡೆಯಿತು ಎಂಬುದು ತಿಳಿಯುತ್ತಿರಲಿಲ್ಲ. 1944ರಲ್ಲಿ ಟಲ್ಸಾ, ಮೆಂಫಿಸ್, ನ್ಯೂ ಆರ್ಲಿಯನ್ಸ್ ಮೊದಲಾದ ಏಳು ನಗರಗಳಲ್ಲಿ ಆಯ್ದ ಮನೆಗಳಿಗೆ ಹೋಗಿ ಜನರನ್ನೇ ವಿಚಾರಿಸುವ ಸಮೀಕ್ಷೆ ಮೊದಲಾಯಿತು. 1954ರಲ್ಲಿ ರಾಬರ್ಟ್ ಮಿಚೆಲ್ ಮತ್ತು ಚೆಸ್ಟರ್ ರಾಪ್ಕಿನ್ ಅವರು ನಗರದ ಸಂಚಾರವು ಅಲ್ಲಿನ ಭೂಬಳಕೆಯನ್ನು, ಅಂದರೆ ಮನೆ, ಅಂಗಡಿ, ಕಾರ್ಖಾನೆಗಳು ಎಲ್ಲೆಲ್ಲಿ ಹರಡಿವೆ ಎಂಬುದನ್ನು ಅವಲಂಬಿಸಿದೆಯೆಂದು ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಭೂಬಳಕೆ ಬದಲಾದಂತೆ ಸಂಚಾರವೂ ಬದಲಾಗುವುದಾದರೆ, ಮುಂದಿನ ಭೂಬಳಕೆಯನ್ನು ಊಹಿಸಿ ಮುಂದಿನ ಸಂಚಾರವನ್ನೂ ಲೆಕ್ಕ ಹಾಕಬಹುದೆಂಬ ಭರವಸೆ ಈ ವಾದದಿಂದ ಮೂಡಿತು.

ಈ ಭರವಸೆಗೆ ಕಾರ್ಯರೂಪ ಕೊಟ್ಟವರು ಡಗ್ಲಸ್ ಕ್ಯಾರಲ್. ಡೆಟ್ರಾಯಿಟ್‌ನ ಅಧ್ಯಯನವನ್ನು ಮುಗಿಸಿದ ಅವರು 1955ರಲ್ಲಿ ಷಿಕಾಗೊ ಪ್ರದೇಶದ ಸಾರಿಗೆ ಅಧ್ಯಯನದ ನೇತೃತ್ವ ವಹಿಸಿದರು. ಸಮೀಕ್ಷಕರು ಆಯ್ದ ಮನೆಗಳ ಬಾಗಿಲು ತಟ್ಟಿ, ಹಿಂದಿನ ದಿನ ಮನೆಮಂದಿ ಮಾಡಿದ ಒಂದೊಂದು ಪ್ರಯಾಣದ ಮೂಲ, ಗುರಿ, ಹೊತ್ತು, ಉದ್ದೇಶ, ವಾಹನ ಇಷ್ಟನ್ನೂ ಕೇಳಿ ಬರೆದುಕೊಂಡರು; ಆ ಉತ್ತರಗಳು ರಂಧ್ರ ಹೊಡೆದ ಕಾರ್ಡುಗಳಾಗಿ ಗಣಕಯಂತ್ರವನ್ನು ಸೇರಿದವು. ಅಧ್ಯಯನಕ್ಕೆಂದೇ ನಿರ್ಮಿಸಿದ ಕಾರ್ಟೋಗ್ರಾಫಟ್ರಾನ್ ಎಂಬ ಉಪಕರಣವು ಪ್ರತಿ ಪ್ರಯಾಣವನ್ನೂ ಮೂಲದಿಂದ ಗುರಿಗೆ ಎಳೆದ ಬೆಳಕಿನ ಗೆರೆಯಾಗಿ ಪರದೆಯ ಮೇಲೆ ಮೂಡಿಸುತ್ತಿತ್ತು, ಅವೆಲ್ಲವೂ ಕ್ಯಾಮೆರಾದ ಒಂದೇ ಚಿತ್ರದಲ್ಲಿ ಒಂದರ ಮೇಲೊಂದು ದಾಖಲಾಗುತ್ತಿದ್ದವು. ಹೀಗೆ ಒಂದು ಮಹಾನಗರದ ದಿನದ ಓಡಾಟವೆಲ್ಲ ಯೋಜಕರ ಕಣ್ಣಿಗೆ ಬಿತ್ತು.

ಡೆಟ್ರಾಯಿಟ್ ಮತ್ತು ಷಿಕಾಗೊಗಳ ಈ ಕೆಲಸದಿಂದ ಬೆಳೆದು ಬಂದ ಕ್ರಮವೇ ನಾಲ್ಕು ಹಂತಗಳ ಮಾದರಿ. ಮೊದಲು ನಗರವನ್ನು ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯದಿಂದ ಎಷ್ಟು ಪ್ರಯಾಣಗಳು ಹೊರಡುತ್ತವೆ, ಎಷ್ಟು ಅಲ್ಲಿಗೆ ಬಂದು ಸೇರುತ್ತವೆ ಎಂದು ಅಂದಾಜಿಸಲಾಗುತ್ತದೆ. ಇದು ಪ್ರಯಾಣ ಉತ್ಪಾದನೆ. ಹೊರಟ ಪ್ರಯಾಣಗಳಲ್ಲಿ ಎಷ್ಟೆಷ್ಟು ಯಾವ ಯಾವ ವಲಯಕ್ಕೆ ಸಲ್ಲುತ್ತವೆ ಎಂಬುದು ಪ್ರಯಾಣ ಹಂಚಿಕೆ. ಕಾರು, ಬಸ್ಸು, ರೈಲುಗಳ ಪಾಲನ್ನು ನಿರ್ಧರಿಸುವುದು ಸಾಧನ ವಿಭಜನೆ. ಕೊನೆಯ ಹಂತವಾದ ಮಾರ್ಗ ನಿಯೋಜನೆಯಲ್ಲಿ ಈ ಪ್ರಯಾಣಗಳನ್ನು ನಿರ್ದಿಷ್ಟ ರಸ್ತೆಗಳಿಗೆ ಹಾಗೂ ಹಳಿಗಳಿಗೆ ಒಪ್ಪಿಸಲಾಗುತ್ತದೆ. ಸಾವಿರಾರು ಕೂಡುದಾರಿಗಳ ನಡುವೆ ಅತಿ ಕಡಿಮೆ ಸಮಯದ ಹಾದಿಯನ್ನು ಹುಡುಕಲು ಷಿಕಾಗೊದವರು ಎಡ್ವರ್ಡ್ ಮೂರ್ ಅವರು ಕಂಡುಹಿಡಿದ ಗಣನಕ್ರಮವನ್ನು ಬಳಸಿದರು.

1962ರ ಅಮೆರಿಕದ ಹೆದ್ದಾರಿ ಕಾನೂನು 50,000ಕ್ಕಿಂತ ಹೆಚ್ಚು ಜನಸಂಖ್ಯೆಯ ನಗರ ಪ್ರದೇಶಗಳಲ್ಲಿ ಸಮಗ್ರವೂ ನಿರಂತರವೂ ಆದ ಸಾರಿಗೆ ಯೋಜನೆಯನ್ನು ಒಕ್ಕೂಟ ಸರ್ಕಾರದ ನೆರವಿಗೆ ಷರತ್ತಾಗಿಸಿದಾಗ ಈ ವಿಧಾನ ದೇಶದ ತುಂಬ ಹಬ್ಬಿತು. ಅದರ ಕೊರತೆಗಳೂ ಜೊತೆಯಲ್ಲೇ ಹಬ್ಬಿದವು. ಅಂದಿನ ಸಮೀಕ್ಷೆಗಳಲ್ಲಿ ಕಾಲ್ನಡಿಗೆಯ ಹೆಚ್ಚಿನ ಪ್ರಯಾಣಗಳು ಲೆಕ್ಕಕ್ಕೇ ಬರುತ್ತಿರಲಿಲ್ಲವಾದ್ದರಿಂದ ನಡೆಯುವವರ ಅಗತ್ಯಗಳು ಯೋಜನೆಯಿಂದಲೂ ಹೊರಗುಳಿದವು. ಹೊಸ ಹೆದ್ದಾರಿಯೇ ಹೊಸ ವಾಹನಗಳನ್ನು ಸೆಳೆದು ದಟ್ಟಣೆಯ ವೇಳೆಯಲ್ಲಿ ಮತ್ತೆ ತುಂಬಿಹೋಗುತ್ತದೆಂದು ಆಂಥೊನಿ ಡೌನ್ಸ್ 1962ರಲ್ಲೇ ತೋರಿಸಿಕೊಟ್ಟರೂ, ಬೇಡಿಕೆ ರಸ್ತೆಯಿಂದ ಸ್ವತಂತ್ರವಾಗಿದೆಯೆಂಬ ಭಾವನೆ ಸುಲಭವಾಗಿ ಸಡಿಲಲಿಲ್ಲ. ಮನೆಮಠ ಕಳೆದುಕೊಳ್ಳಬೇಕಾದವರ ನೋವಿಗೂ ಈ ಲೆಕ್ಕದಲ್ಲಿ ಕಾಲಂ ಇರಲಿಲ್ಲ. ಷಿಕಾಗೊದಲ್ಲೇ ಕ್ರಾಸ್‌ಟೌನ್ ಎಕ್ಸ್‌ಪ್ರೆಸ್‌ವೇ ಎಂಬ ಹೆದ್ದಾರಿ ನಿವಾಸಿಗಳ ದೀರ್ಘ ವಿರೋಧವನ್ನು ಎದುರಿಸಿ 1979ರಲ್ಲಿ ರದ್ದಾಯಿತು.

ವಿಧಾನದೊಳಗಿನ ದೊಡ್ಡ ತಿದ್ದುಪಡಿ ಅರ್ಥಶಾಸ್ತ್ರಜ್ಞ ಡೇನಿಯಲ್ ಮ್ಯಾಕ್‌ಫ್ಯಾಡನ್ ಅವರಿಂದ ಬಂತು. ವಲಯಗಳ ಸರಾಸರಿಯನ್ನು ಬಿಟ್ಟು, ಒಬ್ಬೊಬ್ಬ ಪ್ರಯಾಣಿಕ ಸಮಯ, ವೆಚ್ಚ, ಅನುಕೂಲಗಳನ್ನು ತೂಗಿ ವಾಹನವನ್ನು ಹೇಗೆ ಆಯ್ಕೆ ಮಾಡಿಕೊಳ್ಳುತ್ತಾನೆ ಎಂಬುದನ್ನು ಅವರು ಸಂಭವನೀಯತೆಯ ಸೂತ್ರಕ್ಕೆ ಅಳವಡಿಸಿದರು. ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದ ಬಾರ್ಟ್ ರೈಲು 1972ರಲ್ಲಿ ಆರಂಭವಾಗುವ ಮುನ್ನ ಸಂಗ್ರಹಿಸಿದ ಮಾಹಿತಿಯಿಂದ, ಕೆಲಸಕ್ಕೆ ಹೋಗುವವರಲ್ಲಿ ಶೇ. 6.3ರಷ್ಟು ಮಂದಿ ಅದನ್ನು ಬಳಸುವರೆಂದು ಅವರ ತಂಡ ಅಂದಾಜಿಸಿತು. ಅಧಿಕೃತ ಅಂದಾಜು ಶೇ. 15ರಷ್ಟಿತ್ತು. ರೈಲು ಓಡತೊಡಗಿದ ಮೇಲೆ ಕಂಡುಬಂದ ಪ್ರಮಾಣ ಶೇ. 6.2. ಆಯ್ಕೆಯ ಸಿದ್ಧಾಂತಕ್ಕಾಗಿ ಮ್ಯಾಕ್‌ಫ್ಯಾಡನ್ 2000ದಲ್ಲಿ ನೊಬೆಲ್ ಸ್ಮಾರಕ ಪ್ರಶಸ್ತಿಯನ್ನು ಹಂಚಿಕೊಂಡರು.

ಬೆಂಗಳೂರಿಗಾಗಿ ರೈಟ್ಸ್ ಸಂಸ್ಥೆ ಸಿದ್ಧಪಡಿಸಿದ ಸಮಗ್ರ ಸಂಚಾರ ಮತ್ತು ಸಾರಿಗೆ ಯೋಜನೆಯಂತಹ ದಾಖಲೆಗಳೂ ಇದೇ ಪರಂಪರೆಗೆ ಸೇರಿದವು. ಬಸ್ ನಿಲ್ದಾಣದವರೆಗೆ ನಡೆದು ಹೋಗುವವರು, ಸೈಕಲ್ ತುಳಿಯುವವರು, ಮಕ್ಕಳನ್ನು ಶಾಲೆಗೆ ಬಿಟ್ಟು ಕೆಲಸಕ್ಕೆ ಸಾಗುವ ಮಹಿಳೆಯರು ಅಪಾರ ಸಂಖ್ಯೆಯಲ್ಲಿರುವ ನಗರದಲ್ಲಿ, ಯಾರ ಪ್ರಯಾಣವನ್ನು ಎಣಿಸಲಾಗಿದೆ ಎಂಬುದು ಸೂತ್ರದ ನಿಖರತೆಯಷ್ಟೇ ಗಂಭೀರವಾದ ವಿಷಯ. ಎಣಿಕೆಯಲ್ಲಿ ಸ್ಥಾನ ಪಡೆಯದವರಿಗೆ ಯೋಜನೆಯಲ್ಲಿ ಸ್ಥಾನ ಸಿಗುವುದು ಅಪರೂಪ. ಆದ್ದರಿಂದ ಇಂತಹ ವರದಿಯ ಸಮೀಕ್ಷಾ ಪ್ರಶ್ನಾವಳಿಯೂ ಊಹೆಗಳ ಪಟ್ಟಿಯೂ ಅದರ ಅಂತಿಮ ಶಿಫಾರಸುಗಳಷ್ಟೇ ಬಹಿರಂಗ ಚರ್ಚೆಗೆ ಒಳಗಾಗಬೇಕು.