ಉತ್ತಮ ಪುರುಷನೂ ಪ್ರಥಮ ಪುರುಷನೂ

1945ನೆಯ ಇಸವಿ, ಶಾಂತಸಾಗರದ ಐವೋ ಜೀಮಾ ದ್ವೀಪ. ಅಂದಿನ ಅಮೆರಿಕದ ಸೇನೆಯಲ್ಲಿ ವರ್ಣಭೇದವಿತ್ತು. ಕಪ್ಪು ಜನರದೇ ಬೇರೆ ತುಕಡಿ, ಅವರ ಮೇಲೆ ಬಿಳಿಯ ಅಧಿಕಾರಿಗಳು. ಅಂಥದೊಂದು ತುಕಡಿಯ ಮೇಲೆ ಜಪಾನೀ ವಿಮಾನಗಳು ಕರಪತ್ರಗಳನ್ನು ಸುರಿದುವಂತೆ. ಇದು ಬಿಳಿಯರ ಯುದ್ಧ, ನಮಗೂ ನಿಮಗೂ ಹಗೆಯಿಲ್ಲ, ಅವರಿಗಾಗಿ ನೀವೇಕೆ ಸಾಯಬೇಕು ಎಂಬುದು ಅವುಗಳ ಸಾರ. ಮರುದಿನವೇ ಆ ತುಕಡಿಯನ್ನು ಹಿಂದಕ್ಕೆ ಕರೆಸಿಕೊಂಡರು.

ಈ ವೃತ್ತಾಂತವನ್ನು 1983ರಲ್ಲಿ ಬರೆದವರು ಡಬ್ಲ್ಯು. ಫಿಲಿಪ್ಸ್ ಡೇವಿಸನ್ ಎಂಬ ಅಮೆರಿಕದ ವಿದ್ವಾಂಸರು. ಸೇನೆಯ ಹಳೆಯ ಕಾಗದಪತ್ರಗಳನ್ನು ಶೋಧಿಸುತ್ತಿದ್ದ ತರುಣ ಇತಿಹಾಸಕಾರನೊಬ್ಬನಿಂದ ಅವರಿಗೆ ಇದು ತಿಳಿಯಿತು. ಸೈನಿಕರು ಕರಪತ್ರಕ್ಕೆ ಮರುಳಾದರೆನ್ನಲು ಆಧಾರವೇನೂ ಸಿಕ್ಕಲಿಲ್ಲ. ಮನಸ್ಸು ಕದಡಿದ್ದು ಅಧಿಕಾರಿಗಳದು! ಪಶ್ಚಿಮ ಜರ್ಮನಿಯ ಪತ್ರಕರ್ತರನ್ನು ಡೇವಿಸನ್ನರು ವಿಚಾರಿಸಿದಾಗಲೂ ಇದೇ ರಾಗ: ಸಂಪಾದಕೀಯಗಳಿಂದ ನಮ್ಮಂಥವರಿಗೆ ಹೆಚ್ಚೇನೂ ಆಗದು, ಸಾಮಾನ್ಯ ಓದುಗನಿಗೆ ಮಾತ್ರ ಬಲವಾಗಿ ನಾಟುತ್ತದೆ.

ನನಗಲ್ಲ, ನಿನಗಲ್ಲ, ಅವನಿಗೆ. ಆದುದರಿಂದ ಈ ಮನೋಧರ್ಮಕ್ಕೆ ಅವರು ಇಂಗ್ಲಿಷ್ ವ್ಯಾಕರಣದ ‘ಮೂರನೆಯ ಪುರುಷ’ನ ಹೆಸರಿಟ್ಟರು. ನಮ್ಮ ವ್ಯಾಕರಣದಲ್ಲಿ ‘ಅವನು’ ಪ್ರಥಮ ಪುರುಷ, ‘ನಾನು’ ಉತ್ತಮ ಪುರುಷ. ಇಲ್ಲಿ ಉತ್ತಮವೆಂದರೆ ಕಡೆಯದು ಎಂದಷ್ಟೇ ಅರ್ಥವೆಂದು ತರಗತಿಯಲ್ಲಿ ಎಷ್ಟು ಹೇಳಿದರೂ ಹುಡುಗರು ‘ಶ್ರೇಷ್ಠ’ ಎಂದೇ ಬರೆಯುತ್ತಾರೆ. ಮನಸ್ಸಿಗೆ ಆ ಅರ್ಥವೇ ಹಿತ.

ಬಾನುಲಿಯೂ ಇದಕ್ಕೆ ಹೊರತಲ್ಲ. 1938ರ ಅಕ್ಟೋಬರ್ 30ರ ರಾತ್ರಿ ಆರ್ಸನ್ ವೆಲ್ಸ್ ಎಂಬ ನಟನು ಮಂಗಳಗ್ರಹದವರು ಅಮೆರಿಕದ ಮೇಲೆ ದಾಳಿಯಿಟ್ಟ ನಾಟಕವನ್ನು ವಾರ್ತೆಯ ಧಾಟಿಯಲ್ಲಿ ಪ್ರಸಾರಮಾಡಿದನು. ಜನ ದಿಕ್ಕೆಟ್ಟು ಓಡಿದರೆಂದು ಮರುದಿನ ಪತ್ರಿಕೆಗಳು ಸಾರಿದುವು. ಕೆಲವರು ಹೆದರಿದ್ದು ನಿಜವೇ. ಆದರೆ ಗಾಬರಿಗಿಂತ ಗಾಬರಿಯ ಸುದ್ದಿಯೇ ಬಹು ದೊಡ್ಡದಾಗಿತ್ತೆಂದು ಅನಂತರದ ಸಂಶೋಧಕರು ತೋರಿಸಿದ್ದಾರೆ. ಆದರೂ ಆ ಕಥೆ ದಶಕಗಳ ಕಾಲ ಬಾಳಿತು. ಕಥೆಯಲ್ಲಿ ಓಡಿದವರು ಎಂದೂ ಪರರೇ ತಾನೆ!

ಇದು ಬರಿಯ ವಿನೋದವಾಗಿದ್ದರೆ ಬಿಟ್ಟುಬಿಡಬಹುದಾಗಿತ್ತು. ಆದರೆ ಪುಸ್ತಕವನ್ನೋ ಚಲಚ್ಚಿತ್ರವನ್ನೋ ನಿಷೇಧಿಸಬೇಕೆನ್ನುವವನು ಮೊದಲು ತಾನು ಅದನ್ನು ಓದಿ, ನೋಡಿ, ಕೆಡದೆ ಉಳಿದಿರುತ್ತಾನೆ. ಪರರಿಗೆ ಆ ಶಕ್ತಿಯಿಲ್ಲವೆಂದು ಯಾರು ಅಳೆದರು? ಐವೋ ಜೀಮಾದಲ್ಲಂತೂ ಅಳೆಯುವ ಗೋಜಿಗೇ ಹೋಗಲಿಲ್ಲ. ಡೇವಿಸನ್ನರ ಬರಹದಲ್ಲಿ ಆ ಸೈನಿಕರಾಡಿದ ಮಾತು ಒಂದೂ ಇಲ್ಲ. ಸೇನೆಯಲ್ಲಿ ಸಮಾನತೆಯನ್ನು ವಿಧಿಸಿದ ಅಧ್ಯಕ್ಷ ಟ್ರೂಮನ್ನರ ಆಜ್ಞೆ ಹೊರಟದ್ದು 1948ರ ಜುಲೈ 26ರಂದು.