ಅಮೆರಿಕದ ಅಂತರ್ಯುದ್ಧ ಮತ್ತು ನಮ್ಮ ಕಾರವಾರ

ಕಳೆದ ಜುಮಾ ಖುತ್ಬಾದಲ್ಲಿ ನಾವು ಅಮೆರಿಕದ ಅಂತರ್ಯುದ್ಧವನ್ನು ಪ್ರಸ್ತಾಪಿಸಿದೆವು. ಅದಕ್ಕೂ ನಮ್ಮ ಬೈತಖೋಲ ಬಂದರಿಗೂ ಏನು ಸಂಬಂಧವೆಂದು ಕೆಲವು ಯುವಕರು ಕೇಳಿದರು. ಸಂಬಂಧವಿದೆ. 1862ರವರೆಗೆ ಉತ್ತರ ಕನ್ನಡ ಮದ್ರಾಸ್ ಪ್ರಾಂತದಲ್ಲಿತ್ತು. ಧಾರವಾಡ ಸೀಮೆಯ ಹತ್ತಿ ಸಾಗಿಸಲು ಕಾರವಾರದ ಬಂದರು ಬೇಕೆಂದು ವ್ಯಾಪಾರಿಗಳು ಒತ್ತಾಯಿಸುತ್ತಿದ್ದರು. ಆ ವರ್ಷ ಬ್ರಿಟಿಷರು ಜಿಲ್ಲೆಯನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಇಷ್ಟು ಅವಸರ ಹುಟ್ಟಿದ್ದು ಅಮೆರಿಕದ ಹತ್ತಿ ನಿಂತುಹೋದದ್ದರಿಂದ.

ಅಲ್ಲಿ ದೇಶ ಒಂದೇ, ಸಂವಿಧಾನ ಒಂದೇ, ಓದುವ ಬೈಬಲ್ಲೂ ಒಂದೇ. ದುಡಿಮೆಯ ದಾರಿ ಮಾತ್ರ ಎರಡು. ಉತ್ತರದಲ್ಲಿ ಕಾರ್ಖಾನೆ, ರೈಲು, ಕೂಲಿ ಕಾರ್ಮಿಕರು, ಸಣ್ಣ ರೈತರು. ದಕ್ಷಿಣದಲ್ಲಿ ಹತ್ತಿ ತೋಟಗಳು. 1860ರಲ್ಲಿ ಸುಮಾರು 40 ಲಕ್ಷ ಗುಲಾಮರು. 1793ರಲ್ಲಿ ಹತ್ತಿಯ ಬೀಜ ಬಿಡಿಸುವ ಹೊಸ ಯಂತ್ರ ಬಂದಾಗ ಗುಲಾಮರ ಹೊರೆ ಇಳಿಯಬೇಕಿತ್ತು. ಆದದ್ದು ತದ್ವಿರುದ್ಧ: ಬೆಳೆ ಹಬ್ಬಿತು, ಗುಲಾಮರ ಬೆಲೆಯೂ ಏರಿತು.

ಆಮದು ಸುಂಕದ ಬಗ್ಗೆಯೂ ಜಗಳವಿತ್ತು. ಅದನ್ನು 1833ರಲ್ಲಿ ಒಮ್ಮೆ ರಾಜಿಯಲ್ಲಿ ಮುಗಿಸಿದ್ದರು. ಪಶ್ಚಿಮದ ಹೊಸ ನೆಲಕ್ಕೆ ಗುಲಾಮಗಿರಿ ಹಬ್ಬಬೇಕೇ ಎಂಬ ಪ್ರಶ್ನೆಗೆ ರಾಜಿ ನಿಲ್ಲಲಿಲ್ಲ. ಹಬ್ಬಬಾರದು ಎಂದ ಲಿಂಕನ್ 1860ರಲ್ಲಿ ಗೆದ್ದರು. ದಕ್ಷಿಣದ ರಾಜ್ಯಗಳು ಒಂದೊಂದಾಗಿ ಒಕ್ಕೂಟ ಬಿಟ್ಟವು, ಕೊನೆಗೆ 11. ಯುದ್ಧದಲ್ಲಿ ಸತ್ತವರು 6 ಲಕ್ಷಕ್ಕೂ ಹೆಚ್ಚು. ಘಟ್ಟದ ಮೇಲಿನವರ ಕಸುಬು ಬೇರೆ, ಕರಾವಳಿಯ ನಮ್ಮ ಕಸುಬು ಬೇರೆ. ಅದಕ್ಕಾಗಿ ಯಾರೂ ಬಂದೂಕು ಹಿಡಿದಿಲ್ಲ. ಅಲ್ಲಿ ಒಂದು ಸೀಮೆಯ ಸಂಪತ್ತೆಲ್ಲ ಮನುಷ್ಯರನ್ನು ಸೊತ್ತು ಮಾಡಿಕೊಂಡು ನಿಂತಿತ್ತು.

ಆ ಗುಲಾಮರಲ್ಲಿ ಕುರ್‌ಆನ್ ಕಲಿತವರೂ ಇದ್ದರು. ಪಶ್ಚಿಮ ಆಫ್ರಿಕದ ಫೂತಾ ತೋರೋದ ಉಮರ್ ಇಬ್ನ್ ಸಯೀದ್ 1831ರಲ್ಲಿ ಅರಬಿಯಲ್ಲಿ ತಮ್ಮ ಆತ್ಮಕಥೆ ಬರೆದರು. ಅದರ ಆರಂಭದಲ್ಲೇ ಬರೆದದ್ದು ಸೂರಃ ಅಲ್ ಮುಲ್ಕ್. ಒಡೆತನವೆಲ್ಲ ಅಲ್ಲಾಹನದೆಂದು ಸಾರುವ ಸೂರಃ ಅದು. ಬರೆದವರು ಇನ್ನೊಬ್ಬನ ಒಡೆತನದಲ್ಲಿದ್ದರು, ಹಾಗೆಯೇ ತೀರಿಕೊಂಡರು. ಮಗ್ರಿಬ್ ನಂತರ ಮಕ್ಕಳಿಗೆ ಈ ಸೂರಃ ಓದಿಸುವಾಗ ಇವರ ಕಥೆಯನ್ನೂ ಹೇಳಿ.

ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ತಡೆಯಿತು. ಲಂಕಾಶೈರಿನ ಗಿರಣಿ ಕಾರ್ಮಿಕರು ಹಸಿದರು, ಇತ್ತ ನಮ್ಮ ಸೀಮೆಯ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. ಆ ಲಾಭ ಹಲಾಲೇ ಎಂದು ಒಬ್ಬ ಹುಡುಗ ಕೇಳಿದ. ಮಾರುವುದು ಹಲಾಲ್, ಬೆಲೆ ಏರಲೆಂದು ಸರಕು ಅಡಗಿಸಿಡುವುದನ್ನು ಪ್ರವಾದಿ(ಸ) ತಡೆದಿದ್ದಾರೆ ಎಂದೆವು. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆ ಕುಸಿದು ಮುಂಬಯಿಯ ದೊಡ್ಡ ವ್ಯಾಪಾರಿಗಳೇ ದಿವಾಳಿಯಾದರು. 1880ರ ದಶಕದಲ್ಲಿ ರೈಲು ಗೋವಾದ ಮರ್ಮಗೋವಾ ಬಂದರಿಗೆ ಹೋಯಿತು, ವ್ಯಾಪಾರವೂ ಅತ್ತಲೇ ಹೊರಳಿತು. ಹುಬ್ಬಳ್ಳಿ–ಅಂಕೋಲಾ ರೈಲಿಗೆ ನಾವು ಇಂದಿಗೂ ಕಾಯುತ್ತಿದ್ದೇವೆ.